ಬಾರ್ಡರ್ ಶುಗರ್‌ಗೆ ವಿಟಮಿನ್ ಕೆ: ಸೊಪ್ಪು ಸಾಕಾ, ಮಾತ್ರೆ ಬೇಕಾ, ಬೇಕಾದರೆ ಯಾವುದು?

ಕಳೆದ ವರ್ಷ ನನ್ನ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್, 6.1 ಬಂತು. ಡಾಕ್ಟರು ರಿಪೋರ್ಟ್ ನೋಡಿ, "ಬಾರ್ಡರ್‌ನಲ್ಲಿದ್ದೀರಿ, ಈಗಲೇ ಹುಷಾರಾಗಿ" ಅಂದರು. ಅದೇ ವಾರ ನಮ್ಮ ಮಹಡಿ ಮೇಲಿನ ಮನೆಯವರು ಒಂದು ಬಾಟಲಿ ತಂದುಕೊಟ್ಟರು. ವಿಟಮಿನ್ ಕೆಯ ಒಂದು ರೂಪವಾದ ಕೆ2 ಮಾತ್ರೆ. "ನನಗೆ ಶುಗರ್ ಇಳಿದಿದೆ, ನೀವೂ ತಗೊಂಡು ನೋಡಿ" ಅಂತ ಪ್ರೀತಿಯಿಂದಲೇ ಕೊಟ್ಟರು. ಬಾಟಲಿ ತಗೊಂಡೆ, ಆದರೆ ತೆರೆಯಲಿಲ್ಲ. ಕಾರಣ ನಮ್ಮತ್ತೆ.

ಅತ್ತೆಗೆ ಹಾರ್ಟ್ ವಾಲ್ವ್ ಬದಲಾಯಿಸಿ ವರ್ಷಗಳಾಗಿವೆ. ದಿನಾ ಸಂಜೆ ಅಸಿಟ್ರೋಮ್ ತಗೊಳ್ಳಬೇಕು. ರಕ್ತ ಹೆಪ್ಪುಗಟ್ಟಬಾರದು ಅಂತ ಕೊಡುವ ಮಾತ್ರೆ ಅದು. ಎರಡು ವರ್ಷದ ಹಿಂದೆ ಮಂಡಿನೋವು ಅಂತ ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋಗಿದ್ದೆವು. ಮೂಳೆಗೆ ಅಂತ ಒಂದು ಮಾತ್ರೆ ಬರೆದುಕೊಟ್ಟರು. ಬೇರೆ ಏನು ತಗೊಳ್ತಿದ್ದೀರಿ ಅಂತ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪಿಟಿ-ಐಎನ್‌ಆರ್ ಟೆಸ್ಟ್‌ನಲ್ಲಿ ಮುಂದಿನ ತಿಂಗಳು 1.6 ಬಂತು. ಅವರಿಗೆ ಅದು 2.5ರಿಂದ 3.5ರ ಒಳಗೆ ಇರಬೇಕು, ಅದಕ್ಕಿಂತ ಕಡಿಮೆ ಅಂದರೆ ರಕ್ತ ಬೇಗ ಹೆಪ್ಪುಗಟ್ಟುತ್ತಿದೆ ಅಂತ. ಹಾರ್ಟ್ ಡಾಕ್ಟರು ಗಾಬರಿಯಾಗಿ, "ಹೊಸದಾಗಿ ಏನಾದರೂ ಶುರು ಮಾಡಿದ್ದಾರಾ?" ಅಂತ ಫೋನ್‌ನಲ್ಲೇ ಕೇಳಿದರು. ಮಾತ್ರೆಗಳ ಸ್ಟೀಲ್ ಡಬ್ಬಿಯನ್ನು ಮಂಚದ ಮೇಲೆ ಸುರಿದೆ. ಮೂಳೆ ಮಾತ್ರೆಯ ಸ್ಟ್ರಿಪ್‌ನ ಹಿಂದೆ ಬೆಳ್ಳಿ ಕಾಗದದ ಮೇಲೆ ಇರುವೆ ಸಾಲಿನಂಥ ಅಕ್ಷರ. ಅರ್ಧ ಮಾತ್ರೆ ಒಡೆದು ತೆಗೆದಿದ್ದರಿಂದ ಅಕ್ಷರವೂ ಹರಿದಿತ್ತು. ಕಿಟಕಿಗೆ ಹಿಡಿದು ಓದಿದರೆ ಕ್ಯಾಲ್ಸಿಯಂ, ಡಿ3, ಕೊನೆಯಲ್ಲಿ ಕೆ2.

ವಿಟಮಿನ್ ಕೆ ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತು. ಅಸಿಟ್ರೋಮ್, ಅದೇ ಜಾತಿಯ ವಾರ್ಫರಿನ್ ಕೆಲಸ ಮಾಡುವುದೇ ಅದನ್ನು ತಡೆದು. ಎರಡನ್ನೂ ಒಟ್ಟಿಗೆ ನುಂಗಿದರೆ ಒಂದು ಕೈಯಲ್ಲಿ ಬಾಗಿಲು ಹಾಕಿ ಇನ್ನೊಂದು ಕೈಯಲ್ಲಿ ತೆಗೆದಂತೆ. ದೇವರ ದಯೆ, ಅತ್ತೆಗೆ ಏನೂ ಆಗಲಿಲ್ಲ. ಆದರೆ ವಾಲ್ವ್ ಮೇಲೆ ಹೆಪ್ಪುಗಟ್ಟಿದ್ದರೆ ಪಾರ್ಶ್ವವಾಯು ಆಗಬಹುದಿತ್ತು.

ಅದಕ್ಕೇ ಈ ಹೋಲಿಕೆಯನ್ನು ಶುಗರ್‌ನಿಂದ ಶುರು ಮಾಡುವುದಿಲ್ಲ, ಇಲ್ಲಿಂದ ಶುರು ಮಾಡುತ್ತೇನೆ. ನೀವು ಅಸಿಟ್ರೋಮ್ ಅಥವಾ ವಾರ್ಫರಿನ್ ತಗೊಳ್ಳುತ್ತಿದ್ದರೆ ಯಾವ ಕೆ ಮಾತ್ರೆಯೂ ನಿಮ್ಮಷ್ಟಕ್ಕೆ ನೀವೇ ಶುರು ಮಾಡುವಂಥದ್ದಲ್ಲ. ಚಿಕ್ಕ ಡೋಸ್ ಆದರೂ ಅಷ್ಟೇ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಬೇರೆ ರೀತಿ ಕೆಲಸ ಮಾಡುತ್ತವೆ, ಅವಕ್ಕೆ ಈ ತೊಂದರೆ ಇಲ್ಲ. ಹೊಸ ಮಾತ್ರೆಗಳಾದ ಅಪಿಕ್ಸಬಾನ್, ರಿವರೊಕ್ಸಬಾನ್, ಡಬಿಗಟ್ರಾನ್‌ಗೂ ಇಲ್ಲ. ಆದರೆ ನಮ್ಮಲ್ಲಿ ಎಲ್ಲವನ್ನೂ "ರಕ್ತ ತೆಳು ಮಾಡೋ ಮಾತ್ರೆ" ಅಂತ ಒಂದೇ ಹೆಸರಲ್ಲಿ ಕರೆಯುತ್ತೇವೆ. ಹಾಗಾಗಿ ಸ್ಟ್ರಿಪ್ ಮೇಲಿನ ಹೆಸರನ್ನೇ ಓದಿ.

ಬಾರ್ಡರ್ ಅಂದರೆ ಎಷ್ಟು?

ಎಚ್‌ಬಿಎ1ಸಿ 5.7ರಿಂದ 6.4. ಖಾಲಿ ಹೊಟ್ಟೆಯಲ್ಲಿ 100ರಿಂದ 125. ಗ್ಲೂಕೋಸ್ ಕುಡಿದು ಎರಡು ಗಂಟೆ ಆದ ಮೇಲೆ 140ರಿಂದ 199. ಈ ಮೂರರಲ್ಲಿ ಒಂದು ಹೀಗಿದ್ದರೂ ಬಾರ್ಡರ್ ಅಂತಲೇ ಲೆಕ್ಕ. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ 13.6 ಕೋಟಿ ಜನ ಈ ಹಂತದಲ್ಲಿದ್ದಾರೆ. ಶುಗರ್ ಬಂದೇ ಬಿಟ್ಟವರು 10.1 ಕೋಟಿ. ನಮ್ಮ ಕಟ್ಟಡದಲ್ಲೇ ಕೇಳಿ ನೋಡಿದೆ, ನಾಲ್ಕು ಮನೆಯಲ್ಲಿ ಯಾರೋ ಒಬ್ಬರಾದರೂ ಬಾರ್ಡರ್‌ನಲ್ಲಿದ್ದಾರೆ.

ಒಂದು ಮಾತು. ರಕ್ತಹೀನತೆ ಇರುವ ಹೆಂಗಸರಲ್ಲಿ ಎಚ್‌ಬಿಎ1ಸಿ ಸರಿಯಾದ ಲೆಕ್ಕ ಕೊಡದೇ ಇರಬಹುದು. ಕಬ್ಬಿಣದ ಕೊರತೆ ಇದ್ದರೆ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಮಾತ್ರೆ ಹುಡುಕುವ ಮೊದಲು ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ.

ಶುಗರ್‌ಗೂ ಕೆಗೂ ಏನು ಸಂಬಂಧ?

ವಿಟಮಿನ್ ಕೆಯನ್ನು ಕಂಡುಹಿಡಿದವರು ಡೆನ್ಮಾರ್ಕ್‌ನ ಹೆನ್ರಿಕ್ ಡಾಮ್. ಹೆಪ್ಪುಗಟ್ಟುವುದಕ್ಕೆ ಇರುವ 'ಕೊಆಗುಲೇಶನ್' ಅನ್ನೋ ಪದ ಅವರ ಭಾಷೆಯಲ್ಲಿ ಕೆ ಅಕ್ಷರದಿಂದ ಶುರುವಾಗುತ್ತದೆ, ಹೆಸರು ಬಂದಿದ್ದು ಅಲ್ಲಿಂದ. 1943ರ ನೊಬೆಲ್ ಬಹುಮಾನ ಅವರಿಗೂ ಎಡ್ವರ್ಡ್ ಡಾಯ್ಸಿಗೂ ಹಂಚಿಕೆಯಾಯಿತು. ಮಗು ಹುಟ್ಟಿದ ತಕ್ಷಣ ತೊಡೆಗೆ ಒಂದು ಇಂಜೆಕ್ಷನ್ ಕೊಡುತ್ತಾರಲ್ಲ, ಅದು ಈ ವಿಟಮಿನ್ನೇ.

ಶುಗರ್‌ನ ಮಾತು ಬಂದಿದ್ದು ಬಹಳ ತಡವಾಗಿ, ಮೂಳೆಯ ಮೂಲಕ. ಮೂಳೆಯಲ್ಲಿ ಆಸ್ಟಿಯೋಕ್ಯಾಲ್ಸಿನ್ ಅನ್ನೋ ಪ್ರೋಟೀನ್ ಇದೆ. ಕ್ಯಾಲ್ಸಿಯಂ ಹಿಡಿದುಕೊಳ್ಳಲು ಅದಕ್ಕೆ ವಿಟಮಿನ್ ಕೆಯ ಸಹಾಯ ಬೇಕು. 2007ರಲ್ಲಿ ನ್ಯೂಯಾರ್ಕ್‌ನ ಜೆರಾರ್ಡ್ ಕಾರ್ಸೆಂಟಿ ಅವರ ತಂಡ, ಈ ಪ್ರೋಟೀನ್ ಇಲಿಗಳಲ್ಲಿ ಇನ್ಸುಲಿನ್ ಹೆಚ್ಚಿಸುತ್ತದೆ ಅಂತ ತೋರಿಸಿತು. ಎಲ್ಲರಿಗೂ ಆಸೆ ಹುಟ್ಟಿತು. ಆದರೆ ಇಲ್ಲೊಂದು ತೊಡಕಿದೆ. ಇಲಿಗಳಲ್ಲಿ ಆ ಕೆಲಸ ಮಾಡಿದ್ದು ವಿಟಮಿನ್ ಕೆ ಸೋಕದ ಆಸ್ಟಿಯೋಕ್ಯಾಲ್ಸಿನ್. ಕೆ ಜಾಸ್ತಿ ತಗೊಂಡರೆ ಅದು ಕಡಿಮೆಯಾಗುತ್ತದೆ. ಆ ಲೆಕ್ಕದಲ್ಲಿ ಶುಗರ್ ಕೆಡಬೇಕು, ಅಲ್ವಾ? ಮನುಷ್ಯರಲ್ಲಿ ಹಾಗೂ ಆಗಲಿಲ್ಲ. 2020ರಲ್ಲಿ ಬೇರೆ ಎರಡು ತಂಡಗಳು ಆಸ್ಟಿಯೋಕ್ಯಾಲ್ಸಿನ್ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರೆ ಅವುಗಳ ಶುಗರ್ ಸರಿಯಾಗಿಯೇ ಇತ್ತು. ಅಂದರೆ ಯಾವ ದಾರಿಯಲ್ಲಿ ಕೆಲಸ ಮಾಡುತ್ತದೆ ಅನ್ನೋದೇ ಇನ್ನೂ ಇತ್ಯರ್ಥ ಆಗಿಲ್ಲ.

ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಮೂರನ್ನು ಹೇಳುತ್ತೇನೆ. ನಿಮಗೆ ಯಾರಾದರೂ ಮಾತ್ರೆ ಮಾರಲು ಬಂದರೆ ಇವುಗಳ ಹೆಸರೇ ಹೇಳುವುದು.

2008ರಲ್ಲಿ ಅಮೆರಿಕದಲ್ಲಿ ಬಂದಿದ್ದು ಮೊದಲನೆಯದು. ಶುಗರ್ ಇಲ್ಲದ 355 ವಯಸ್ಸಾದವರು. ದಿನಕ್ಕೆ 500 ಮೈಕ್ರೋಗ್ರಾಂ ಕೆ1 (ಸೊಪ್ಪಿನಲ್ಲಿರುವ ರೂಪ), ಮೂರು ವರ್ಷ. ಗಂಡಸರಲ್ಲಿ ಇನ್ಸುಲಿನ್‌ಗೆ ದೇಹ ಸ್ಪಂದಿಸದೇ ಇರುವ ತೊಂದರೆ ಸ್ವಲ್ಪ ನಿಧಾನವಾಯಿತು. ಹೆಂಗಸರಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

2011ರದ್ದು ಕೊರಿಯಾದ್ದು. ಆರೋಗ್ಯವಾಗಿದ್ದ ಯುವಕರಿಗೆ ಕೆ2ನ ಒಂದು ರೂಪವನ್ನು ದಿನಕ್ಕೆ ಮೂರು ಸಲ 30 ಮಿಲಿಗ್ರಾಂನಂತೆ ನಾಲ್ಕು ವಾರ ಕೊಟ್ಟರು. ಇನ್ಸುಲಿನ್ ಕೆಲಸ ಸುಧಾರಿಸಿತು. ಆದರೆ ಅದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕೆ2 ಮಾತ್ರೆಗಿಂತ ನೂರಾರು ಪಟ್ಟು ಜಾಸ್ತಿ ಡೋಸ್, ರೂಪವೂ ಬೇರೆ.

ನಮಗೆ ಹತ್ತಿರವಾದದ್ದು ಮೂರನೆಯದು, ಇರಾನಿನದ್ದು, 2015ರಲ್ಲಿ ಬಂದದ್ದು. ಬಾರ್ಡರ್ ಶುಗರ್ ಇದ್ದ, ಇನ್ನೂ ಮುಟ್ಟು ನಿಲ್ಲದ 82 ಹೆಂಗಸರು. ಅರ್ಧ ಜನಕ್ಕೆ ದಿನಕ್ಕೆ 1000 ಮೈಕ್ರೋಗ್ರಾಂ ಕೆ1, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ, ನಾಲ್ಕು ವಾರ. ಗ್ಲೂಕೋಸ್ ಕುಡಿದ ಎರಡು ಗಂಟೆಯ ಮೇಲಿನ ಶುಗರ್ ಇಳಿಯಿತು. ಖಾಲಿ ಹೊಟ್ಟೆ ಶುಗರ್ ಇಳಿಯಲಿಲ್ಲ. ನನಗೆ ಇದು ಆಸೆ ಹುಟ್ಟಿಸಿದ ಫಲಿತಾಂಶ, ಸುಳ್ಳು ಹೇಳುವುದಿಲ್ಲ. ಆದರೆ ನಾಲ್ಕು ವಾರ ಅಂದರೆ ಒಂದು ಎಚ್‌ಬಿಎ1ಸಿ ಪೂರ್ತಿ ಬದಲಾಗುವಷ್ಟು ಕಾಲವೂ ಅಲ್ಲ. ಮುಂದೆ ಅವರಿಗೆ ಶುಗರ್ ಬಂತೋ ಇಲ್ಲವೋ ಅನ್ನೋದನ್ನು ಇದು ಹೇಳುವುದಿಲ್ಲ.

ವಿಟಮಿನ್ ಡಿ ವಿಷಯದಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಅದರ ಬಗ್ಗೆಯೂ ಹೀಗೇ ಆಸೆ ಇತ್ತು. ಬಾರ್ಡರ್‌ನಲ್ಲಿದ್ದ 2,423 ಜನರಿಗೆ ದಿನಾ 4,000 ಯೂನಿಟ್ ಕೊಟ್ಟು ವರ್ಷಗಟ್ಟಲೆ ನೋಡಿದ ದೊಡ್ಡ ಪರೀಕ್ಷೆ 2019ರಲ್ಲಿ ಬಂತು. ಶುಗರ್ ಬರುವುದನ್ನು ಅದು ಗಟ್ಟಿಯಾಗಿ ತಡೆಯಿತು ಅಂತ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ.

ಮಾತ್ರೆ, ಮಾತ್ರೆಗಳ ನಡುವೆ

ಮೆಡಿಕಲ್ ಶಾಪ್‌ನಲ್ಲಿ "ವಿಟಮಿನ್ ಕೆ ಕೊಡಿ" ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಎಂಕೆ-7 ಅನ್ನೋ ಕೆ2. ಜಪಾನಿನ ನ್ಯಾಟೊ ಅನ್ನೋ ಹುದುಗಿಸಿದ ಸೋಯಾ ಕಾಳಿನಲ್ಲಿ ಇದು ತುಂಬಾ ಇರುತ್ತದೆ. ರಕ್ತದಲ್ಲಿ ಮೂರ್ನಾಲ್ಕು ದಿನ ಉಳಿಯುತ್ತದೆ, ಹಾಗಾಗಿ 50, 100 ಮೈಕ್ರೋಗ್ರಾಂನಷ್ಟು ಚಿಕ್ಕ ಡೋಸ್ ಸಾಕು. ಕೆ1 ಸೊಪ್ಪಿನದು, ಕೆಲವೇ ಗಂಟೆಯಲ್ಲಿ ರಕ್ತದಿಂದ ಹೋಗಿಬಿಡುತ್ತದೆ. ಮೇಲೆ ಹೇಳಿದ ಇರಾನಿನ ಹೆಂಗಸರು ತಗೊಂಡಿದ್ದು ಕೆ1. ಇದನ್ನು ಗಮನಿಸಿ. ಕೆ1 ಪರೀಕ್ಷೆಯ ಫಲಿತಾಂಶ ತೋರಿಸಿ ಎಂಕೆ-7 ಮಾರಿದರೆ ಅದು ಒಂದರ ಗುಣ ಇನ್ನೊಂದಕ್ಕೆ ಹಚ್ಚಿದಂತೆ.

ಎಂಕೆ-4 ಇನ್ನೊಂದು ರೂಪ. ಮೊಟ್ಟೆಯ ಹಳದಿ, ಕೋಳಿ ಮಾಂಸ, ಬೆಣ್ಣೆಯಲ್ಲಿ ಸ್ವಲ್ಪ ಸ್ವಲ್ಪ ಇರುತ್ತದೆ. ಜಪಾನಿನಲ್ಲಿ ಮೂಳೆ ಸವೆತಕ್ಕೆ ದಿನಕ್ಕೆ 45 ಮಿಲಿಗ್ರಾಂ ಕೊಡುತ್ತಾರೆ. ಅದು ಡಾಕ್ಟರ ಔಷಧಿ, ಇಲ್ಲಿ ಅದರ ಯೋಚನೆ ಬೇಡ.

ಲೇಬಲ್ ಓದುವಾಗ ಮಿಲಿಗ್ರಾಂ ಯಾವುದು, ಮೈಕ್ರೋಗ್ರಾಂ ಯಾವುದು ಅಂತ ಬೆರಳಿಟ್ಟು ನೋಡಿ. 1 ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಇಲ್ಲಿ ಎಡವಿದರೆ ಹೋಲಿಕೆಯೇ ತಲೆಕೆಳಗಾಗುತ್ತದೆ.

ಕ್ಯಾಲ್ಸಿಯಂ, ಡಿ3, ಕೆ2 ಸೇರಿದ ಮಾತ್ರೆಯನ್ನು ಶುಗರ್‌ಗೋಸ್ಕರ ತಗೊಳ್ಳಬೇಡಿ. ನಿಮಗೆ ಡಿ ಕಡಿಮೆ ಇದೆಯೋ, ಕ್ಯಾಲ್ಸಿಯಂ ಬೇಕೋ ಗೊತ್ತಿಲ್ಲದೆ ಮೂರನ್ನೂ ಒಟ್ಟಿಗೆ ನುಂಗಿದ ಹಾಗಾಗುತ್ತದೆ. ಸುಮ್ನೆ ಕ್ಯಾಲ್ಸಿಯಂ ತಗೊಂಡು ಮಲಬದ್ಧತೆ ತಂದುಕೊಂಡವರು ಎಷ್ಟೋ ಜನ. ಇನ್ನೊಂದು, ಆಹಾರ ಪೂರಕವಾಗಿ ಮಾರುವ ಬಾಟಲಿಗಳ ಮೇಲೆ ಎಫ್‌ಎಸ್‌ಎಸ್‌ಎಐ ನಂಬರಿನ ಜೊತೆ 'ಔಷಧಿಯಾಗಿ ಬಳಸಲು ಅಲ್ಲ' ಅನ್ನೋ ಅರ್ಥದ ಸಾಲು ಇಂಗ್ಲಿಷಿನಲ್ಲಿ ಇರುತ್ತದೆ, ಇರಲೇಬೇಕು ಅಂತ ನಿಯಮ. ಮಹಡಿಯವರು ಕೊಟ್ಟ ಬಾಟಲಿಯಲ್ಲೂ ಇತ್ತು. ಅವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಮಾತಾಡುತ್ತಾ ಗೊತ್ತಾಯಿತು, ಮಾತ್ರೆ ಶುರು ಮಾಡಿದ ತಿಂಗಳೇ ಅವರು ರಾತ್ರಿ ಅನ್ನ ಬಿಟ್ಟಿದ್ದರು, ಸಂಜೆ ಕೃಷ್ಣರಾವ್ ಪಾರ್ಕ್‌ನಲ್ಲಿ ನಡೆಯೋಕೂ ಶುರು ಮಾಡಿದ್ದರು.

ಸೊಪ್ಪಿನ ತಟ್ಟೆ

ಅಮೆರಿಕದ ಲೆಕ್ಕದಲ್ಲಿ ದಿನಕ್ಕೆ ಗಂಡಸರಿಗೆ 120, ಹೆಂಗಸರಿಗೆ 90 ಮೈಕ್ರೋಗ್ರಾಂ ವಿಟಮಿನ್ ಕೆ ಸಾಕು. 100 ಗ್ರಾಂ ಹಸಿ ಪಾಲಕ್‌ನಲ್ಲಿ ಸುಮಾರು 480 ಇದೆ. ಕೊತ್ತಂಬರಿ ಸೊಪ್ಪಿನಲ್ಲಿ 310. ಅಂದರೆ ಒಂದು ಹಿಡಿ ಸೊಪ್ಪಿನಲ್ಲೇ ದಿನದ ಲೆಕ್ಕ ಹತ್ತಿರ ಹತ್ತಿರ ಮುಗಿಯುತ್ತದೆ. ಸೊಪ್ಪಿನ ಕೆ1 ಮಾತ್ರೆಯಷ್ಟು ಸುಲಭವಾಗಿ ದೇಹಕ್ಕೆ ಹತ್ತುವುದಿಲ್ಲ, ಎಲೆಯೊಳಗೆ ಬಿಗಿಯಾಗಿ ಕೂತಿರುತ್ತದೆ. ಎಣ್ಣೆಯ ಜೊತೆ ಸೇರಿದರೆ ಹತ್ತುತ್ತದೆ. ನಮ್ಮ ಒಗ್ಗರಣೆ ಇಲ್ಲಿ ಒಳ್ಳೆ ಕೆಲಸ ಮಾಡುತ್ತದೆ. ಹಸಿ ಪಾಲಕ್ ಜ್ಯೂಸ್‌ಗಿಂತ ಒಂದು ಚಮಚ ಎಣ್ಣೆಯ ಒಗ್ಗರಣೆ ಬಿದ್ದ ದಂಟಿನ ಸೊಪ್ಪಿನ ಪಲ್ಯ ಮೇಲು.

ಬಸ್ಸಾರು ಮಾಡುವವರಿಗೆ ಒಂದು ಅನುಮಾನ ಬರುತ್ತದೆ, ನನಗೂ ಬಂದಿತ್ತು. ಸೊಪ್ಪು ಬೇಯಿಸಿದ ನೀರು ಬಸಿದರೆ ಎಲ್ಲ ಹೋಗುವುದಿಲ್ಲವಾ? ವಿಟಮಿನ್ ಕೆ ನೀರಿನಲ್ಲಿ ಕರಗುವುದಿಲ್ಲ, ಬಿಸಿಗೂ ಅಷ್ಟಾಗಿ ಹಾಳಾಗುವುದಿಲ್ಲ. ಬಸಿದ ಮೇಲೂ ಸೊಪ್ಪಿನಲ್ಲೇ ಇರುತ್ತದೆ. ನೀರಿನಲ್ಲಿ ಹೋಗುವ ಬೇರೆ ಸತ್ವ ಬಸ್ಸಾರಾಗಿ ಮತ್ತೆ ತಟ್ಟೆಗೇ ಬರುತ್ತದಲ್ಲ. ಈ ವಿಟಮಿನ್‌ಗೆ ಬೆಳಕು ಆಗುವುದಿಲ್ಲ. ಅಡುಗೆ ಎಣ್ಣೆಯಲ್ಲೂ ಇದು ಇರುತ್ತದೆ, ಹಾಗಾಗಿ ಬಾಟಲಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ.

ನಾನು ವಾರಕ್ಕೆ ಎರಡು ಸಲ ಗಾಂಧಿ ಬಜಾರ್‌ಗೆ ಹೋಗುತ್ತೇನೆ. ಒಂದು ಕಟ್ಟು ಹರಿವೆ, ಒಂದು ಮೆಂತ್ಯ, ಸಿಕ್ಕರೆ ನುಗ್ಗೆ ಸೊಪ್ಪು. ಪೇಪರ್ ಹಾಸಿ ಬಿಡಿಸಿ, ಬೇರು ಕತ್ತರಿಸಿ, ಅಗಲ ಪಾತ್ರೆಯಲ್ಲಿ ನೀರು ತುಂಬಿ ಮುಳುಗಿಸುತ್ತೇನೆ. ಸೊಪ್ಪು ಮೇಲೆ ತೇಲುತ್ತದೆ, ಮಣ್ಣು ಕೆಳಗೆ ಇಳಿಯುತ್ತದೆ. ಪಾತ್ರೆ ಬಗ್ಗಿಸಬಾರದು, ಸೊಪ್ಪನ್ನೇ ಎತ್ತಿ ತೆಗೆಯಬೇಕು. ಮೂರನೇ ನೀರಿನಲ್ಲಿ ತಳ ಕಾಣಬೇಕು. ಮಳೆಗಾಲದಲ್ಲಿ ನಾಲ್ಕನೇ ನೀರೂ ಬೇಕಾಗುತ್ತದೆ.

ಸೊಪ್ಪಿನಲ್ಲಿ ಕೆ ಒಂದೇ ಅಲ್ಲ ಇರುವುದು. ನಾರಿದೆ, ಮೆಗ್ನೀಶಿಯಂ ಇದೆ, ಹೊಟ್ಟೆ ತುಂಬುತ್ತದೆ, ಮುದ್ದೆ ಅಥವಾ ಅನ್ನ ತಾನಾಗಿ ಕಡಿಮೆಯಾಗುತ್ತದೆ. 2010ರಲ್ಲಿ ಬ್ರಿಟನ್ನಿನ ಸಂಶೋಧಕರು ಆರು ದೊಡ್ಡ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದರು. ಸೊಪ್ಪು ಜಾಸ್ತಿ ತಿನ್ನುವವರಲ್ಲಿ ಶುಗರ್ ಬರುವ ಸಾಧ್ಯತೆ ಶೇಕಡ 14ರಷ್ಟು ಕಡಿಮೆ ಇತ್ತು. ಅವರು ಬೇರೆ ವಿಷಯದಲ್ಲೂ ಆರೋಗ್ಯವಂತರಾಗಿರಬಹುದು, ಹಾಗಾಗಿ ಪೂರ್ತಿ ಸೊಪ್ಪಿನದೇ ಮಹಿಮೆ ಅನ್ನಲಾಗದು. ಆದರೂ ನನ್ನ ಆಯ್ಕೆ ಇದೇ. ಕಿಡ್ನಿಯಲ್ಲಿ ಕಲ್ಲು ಇರುವವರು ಪಾಲಕ್, ಹರಿವೆ ಕಡಿಮೆ ಮಾಡಿ ಮೆಂತ್ಯ ಸೊಪ್ಪು ಬಳಸಬಹುದು.

ಅಸಿಟ್ರೋಮ್ ತಗೊಳ್ಳುವವರೂ ಸೊಪ್ಪು ಬಿಡಬೇಕಿಲ್ಲ. ಆದರೆ ಒಂದು ವಾರ ದಿನಾ, ಇನ್ನೊಂದು ವಾರ ಇಲ್ಲವೇ ಇಲ್ಲ ಅಂತ ಮಾಡಬಾರದು. ನಮ್ಮತ್ತೆಗೆ ಮಂಗಳವಾರ, ಶುಕ್ರವಾರ ಸೊಪ್ಪು ಅಂತ ಗೊತ್ತು ಮಾಡಿದ್ದೇವೆ. ಪ್ರಮಾಣವೂ ಒಂದೇ, ಅದೇ ಚಿಕ್ಕ ಬಟ್ಟಲು.

ಇವೆಲ್ಲದರ ಪಕ್ಕದಲ್ಲಿ ನಡಿಗೆಯನ್ನು ಇಟ್ಟು ನೋಡಿ

ಹೋಲಿಕೆ ಅಂದ ಮೇಲೆ ಕೆ ಮಾತ್ರೆಗಳನ್ನು ಒಂದಕ್ಕೊಂದು ತೂಗಿ ನೋಡಿದರೆ ಸಾಲದು. 2002ರಲ್ಲಿ ಅಮೆರಿಕದಲ್ಲಿ ಬಾರ್ಡರ್‌ನಲ್ಲಿದ್ದವರಿಗೆ ವಾರಕ್ಕೆ 150 ನಿಮಿಷ ನಡಿಗೆ, ತೂಕದಲ್ಲಿ ಶೇಕಡ 7 ಇಳಿಕೆ ಅನ್ನೋ ಗುರಿ ಕೊಟ್ಟು ನೋಡಿದರು. ಶುಗರ್ ಬರುವುದು ಶೇಕಡ 58 ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆಯಿಂದ ಶೇಕಡ 31. ನಮ್ಮ ಮೈಗೆ ಹತ್ತಿರವಾದ ಲೆಕ್ಕ ಚೆನ್ನೈನದು, 2006ರದ್ದು, ಡಾಕ್ಟರ್ ಎ. ರಾಮಚಂದ್ರನ್ ಅವರ ತಂಡದ್ದು. ಅಲ್ಲಿ ಆಹಾರ ಮತ್ತು ನಡಿಗೆಯ ಬದಲಾವಣೆಯಿಂದ ಶೇಕಡ 28.5, ಮೆಟ್‌ಫಾರ್ಮಿನ್‌ನಿಂದ 26.4, ಎರಡೂ ಸೇರಿದರೆ 28.2. ಎರಡೂ ಸೇರಿಸಿದ್ದಕ್ಕೆ ಹೆಚ್ಚಿನ ಲಾಭ ಬರಲಿಲ್ಲ. ಅವರು ತೂಕ ಹೆಚ್ಚೇನೂ ಇಳಿಸದೆಯೇ ಇಷ್ಟು ಪಡೆದರು ಅನ್ನೋದು ನನಗೆ ತುಂಬಾ ಧೈರ್ಯ ಕೊಟ್ಟ ಮಾತು.

ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಊಟದ ನಂತರದ ಶುಗರ್ ಅಷ್ಟು ಏರುವುದಿಲ್ಲ. ಇರಾನಿನ ಪರೀಕ್ಷೆಯಲ್ಲಿ ಕೆ1 ಇಳಿಸಿದ್ದೂ ಇಂಥದೇ ಶುಗರನ್ನು. ಮಳೆ ಬಂದರೆ, ಫುಟ್‌ಪಾತ್ ಅಗೆದಿದ್ದರೆ ನಾನು ನಮ್ಮ ಕಟ್ಟಡದ ಪಾರ್ಕಿಂಗ್‌ನಲ್ಲೇ ಸುತ್ತುತ್ತೇನೆ.

ಮೆಟ್‌ಫಾರ್ಮಿನ್ ಬೇಕೋ ಬೇಡವೋ ಡಾಕ್ಟರು ಹೇಳಲಿ. ತೂಕ ತುಂಬಾ ಇರುವವರಿಗೆ, ಬಸುರಿಯಲ್ಲಿ ಶುಗರ್ ಬಂದಿದ್ದವರಿಗೆ ಕೊಡುವುದುಂಟು. ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯಬಹುದು. ಸಸ್ಯಾಹಾರಿಗಳು ಅದನ್ನು ನೋಡಿಸಿಕೊಳ್ಳುತ್ತಿರಬೇಕು. ನನ್ನನ್ನು ಕೇಳಿದರೆ ನಮ್ಮಂಥವರು ಕೆಗಿಂತ ಬಿ12ಗೆ ಮೊದಲು ದುಡ್ಡು ಖರ್ಚು ಮಾಡಬೇಕು.

ಆದರೂ ಕೆ ತಗೊಂಡು ನೋಡಬೇಕು ಅನ್ನಿಸಿದರೆ

ತಪ್ಪೇನಿಲ್ಲ. ಕೆ1, ಕೆ2 ಎರಡಕ್ಕೂ ಇಷ್ಟು ದಾಟಿದರೆ ವಿಷ ಅನ್ನೋ ಮಿತಿ ಗೊತ್ತುಮಾಡಿಲ್ಲ, ಆರೋಗ್ಯವಂತರಿಗೆ ಅಪಾಯ ಕಂಡಿಲ್ಲ. ತುಂಬಾ ದಿನ ಆಂಟಿಬಯಾಟಿಕ್ ತಗೊಂಡವರು, ಕೊಬ್ಬು ಜೀರ್ಣವಾಗದ ತೊಂದರೆ ಇರುವವರು, ತೂಕ ಇಳಿಸಲು ಆರ್ಲಿಸ್ಟಾಟ್ ನುಂಗುತ್ತಿರುವವರಲ್ಲಿ ಕೆ ನಿಜವಾಗಿಯೂ ಕಡಿಮೆಯಾಗಬಹುದು. ಅವರಿಗೆ ಡಾಕ್ಟರೇ ಕೊಡಬಹುದು.

ಉಳಿದವರು ಹೀಗೆ ಮಾಡಿ. ಮೊದಲು ನೀವು ತಗೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಕವರ್‌ನಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ. ಹೆಸರು ಬಾಯಲ್ಲಿ ಹೇಳಬೇಡಿ, ಸ್ಟ್ರಿಪ್ಪೇ ತೋರಿಸಿ. ಕೆ ಒಂದೇ ಇರುವ ಮಾತ್ರೆ ಆರಿಸಿ. ಎಣ್ಣೆ, ತುಪ್ಪ ಇರುವ ಊಟದ ಜೊತೆ ತಗೊಳ್ಳಿ. ಶುರು ಮಾಡುವ ಮೊದಲು ಖಾಲಿ ಹೊಟ್ಟೆಯದು, ಗ್ಲೂಕೋಸ್ ಕುಡಿದ ಎರಡು ಗಂಟೆಯದು, ಎಚ್‌ಬಿಎ1ಸಿ ಮೂರನ್ನೂ ಮಾಡಿಸಿ. ಬರೀ ಖಾಲಿ ಹೊಟ್ಟೆಯದು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದೇ ಲ್ಯಾಬ್‌ನಲ್ಲಿ ಮೂರು ತಿಂಗಳಿಗೆ ಮತ್ತೆ ಮಾಡಿಸಿ. ಆ ಮೂರು ತಿಂಗಳು ಊಟ, ನಡಿಗೆ ಹೊಸದಾಗಿ ಏನೂ ಬದಲಾಯಿಸದಿದ್ದರೆ ಮಾತ್ರ ಇದು ಕೆಯಿಂದ ಆಗಿದ್ದು ಅಂತ ಸ್ವಲ್ಪವಾದರೂ ಹೇಳಬಹುದು. ಆದರೆ ಬಾರ್ಡರ್‌ನಲ್ಲಿ ಇರುವವರು ಒಂದು ಮಾತ್ರೆಯ ಪರೀಕ್ಷೆಗೋಸ್ಕರ ಮೂರು ತಿಂಗಳು ನಡೆಯದೇ ಇರಬೇಕಾ? ನನಗೆ ಮನಸ್ಸಾಗಲಿಲ್ಲ. ಬಾಟಲಿಯನ್ನು ಹಾಗೇ ವಾಪಸ್ ಕೊಟ್ಟೆ. ಈಗ ಸಂಜೆ ನಾವಿಬ್ಬರೂ ಒಟ್ಟಿಗೆ ಪಾರ್ಕ್‌ಗೆ ಹೋಗುತ್ತೇವೆ.

ಈಗಾಗಲೇ ಅಸಿಟ್ರೋಮ್ ಜೊತೆ ಗೊತ್ತಿಲ್ಲದೆ ಕೆ ಇರುವ ಮಾತ್ರೆ ತಗೊಳ್ಳುತ್ತಿದ್ದೀರಿ ಅಂತ ಇದನ್ನು ಓದಿದ ಮೇಲೆ ಗೊತ್ತಾದರೆ, ಗಾಬರಿಯಾಗಿ ಆ ಕೆ ಮಾತ್ರೆಯನ್ನೂ ತಟ್ಟನೆ ನಿಲ್ಲಿಸಬೇಡಿ. ಅಸಿಟ್ರೋಮ್ ಡೋಸ್ ಅದಕ್ಕೆ ಹೊಂದಿಕೊಂಡಿದ್ದರೆ ನಿಲ್ಲಿಸಿದಾಗ ಐಎನ್‌ಆರ್ ಏರಿ ರಕ್ತಸ್ರಾವ ಆಗಬಹುದು. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಹೇಳಿ, ನಾಳೆ ಬೆಳಿಗ್ಗೆ ಐಎನ್‌ಆರ್ ಟೆಸ್ಟ್ ಮಾಡಿಸಿ.